ಬಿಪಿ ಮಾತ್ರೆ ಶುರುವಾದ ಮೇಲೆ ಕಾಲು ಊತ, ತಲೆಸುತ್ತು: ನನ್ನ ಉತ್ತರ

ಬಿಪಿ ಮಾತ್ರೆ ಅಮ್ಲೊಡಿಪಿನ್ ಶುರು ಮಾಡಿದ ಮೇಲೆ ಕಾಲು ಊದಿದೆ, ತಲೆ ಸುತ್ತುತ್ತಿದೆ ಅಂತ ಕೇಳಿದ್ದೀರಿ. ಇದಕ್ಕೆ ನಿಮ್ಮ ಎಚ್‌ಐವಿ ಮಾತ್ರೆಯಲ್ಲಿರುವ ರಿಟೊನವಿರ್ ಕಾರಣ ಇರಬೇಕು. ಅದು ಲಿವರ್‌ನಲ್ಲಿ ಅಮ್ಲೊಡಿಪಿನ್ ಒಡೆದು ಹೋಗುವುದನ್ನು ನಿಧಾನ ಮಾಡುತ್ತದೆ. ನೀವು ನುಂಗಿದ್ದು 5 ಮಿ.ಗ್ರಾಂ ಆದರೂ ಮೈಗೆ ಜಾಸ್ತಿ ನುಂಗಿದ ಹಾಗೆ. ಅಮ್ಲೊಡಿಪಿನ್ ಒಂದರಿಂದಲೇ ಕಾಲು ಊದುವವರೂ ಇದ್ದಾರೆ, ಹಾಗಾಗಿ ಇದೇ ಅಂತ ಖಂಡಿತ ಹೇಳಲಾರೆ.

ಎಚ್‌ಐವಿ ಮಾತ್ರೆ ಒಂದು ದಿನವೂ ಬಿಡಬೇಡಿ. ಇವತ್ತಿನಿಂದ ಬೆಳಿಗ್ಗೆ, ಸಂಜೆ ಐದು ನಿಮಿಷ ಸುಮ್ನೆ ಕೂತು ಬಿಪಿ ನೋಡಿ ಬರೆದಿಡಿ. ಇನ್ನೆರಡು ದಿನದಲ್ಲಿ ಎಲ್ಲ ಮಾತ್ರೆಗಳನ್ನೂ ಹಿಡಿದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಕ್ಕೇ ಹೋಗಿ. ಬಿಪಿ ಮಾತ್ರೆ ಬರೆದುಕೊಟ್ಟ ಏರಿಯಾ ಕ್ಲಿನಿಕ್‌ನಲ್ಲಿ ನೀವು ಎಚ್‌ಐವಿ ವಿಷಯ ಹೇಳಿಲ್ಲ ಅಲ್ವಾ? ಎಡವಟ್ಟಾಗಿದ್ದು ಅಲ್ಲೇ. ನಾನೂ ಹಾಗೇ ಮುಚ್ಚಿಟ್ಟಿದ್ದೆ. ಅಮ್ಲೊಡಿಪಿನ್ ಡೋಸ್ ಇಳಿಸಬಹುದಾ, ಇಲ್ಲ ಟೆಲ್ಮಿಸಾರ್ಟನ್ ಅನ್ನೋ ಬೇರೆ ಬಿಪಿ ಮಾತ್ರೆಗೆ ಬದಲಿಸಬಹುದಾ ಅಂತ ಕೇಳಿ. ನನಗೆ ಬದಲಿಸಿದ ಮೇಲೆ ಊತ ಇಳಿಯಿತು. ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತ ಪರೀಕ್ಷೆಯನ್ನೂ ಮಾಡಿಸಿ.

ಎದೆನೋವು ಬಂದರೆ, ಉಸಿರು ಕಟ್ಟಿದರೆ ಅಥವಾ ತಲೆ ಸುತ್ತಿ ಬಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.