ಕೆನಡಾ ಪಿಆರ್‌ಗೆ ಏಜೆಂಟ್ ಬೇಕೇ ಬೇಕಾ?

ಪ್ರಶ್ನೆ: ಮಗಳು ವಿಟಿಯುನಲ್ಲಿ ಬಿಇ ಮಾಡಿ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕಿದಾಳೆ, ಅಳಿಯಂದ್ರೂ ಸಾಫ್ಟ್‌ವೇರೇ. ಇಬ್ರೂ ಕೆನಡಾ ಪಿಆರ್‌ಗೆ, ಅಂದ್ರೆ ಅಲ್ಲೇ ಕಾಯಂ ಆಗಿ ಇರೋ ಅನುಮತಿಗೆ ಹಾಕ್ತೀವಿ ಅಂತಿದಾರೆ. ಇಲ್ಲೊಬ್ಬ ಏಜೆಂಟು, ನಮ್ಮತ್ರ ಎಐ ಸಾಫ್ಟ್‌ವೇರ್ ಇದೆ, ಸ್ಕೋರ್ ಏರಿಸ್ತೀವಿ, ಜಾಬ್ ಆಫರ್ ಲೆಟರ್ ಕೊಡಿಸಿದ್ರೆ ಇನ್ನೂ 50 ಪಾಯಿಂಟ್ ಬರತ್ತೆ, ಒಟ್ಟು ಮೂರು ಲಕ್ಷ ಅಂದ. ಲಾಗಿನ್ನೂ ಅವರೇ ಇಟ್ಕೋತಾರಂತೆ. ಕೊಡ್ಬಹುದಾ?
— ಒಬ್ಬ ತಂದೆ, ರಾಜಾಜಿನಗರ

ಉತ್ತರ: ಕೊಡ್ಬೇಡಿ ಸರ್. ಜಾಬ್ ಆಫರ್‌ಗೆ ಸಿಗ್ತಿದ್ದ ಪಾಯಿಂಟನ್ನ ಕೆನಡಾ ಸರ್ಕಾರ 2025ರ ಮಾರ್ಚ್ 25ರಿಂದ ತೆಗೆದೇ ಹಾಕಿದೆ, ಇಂಥ ಲೆಟರ್ ಮಾರೋ ದಂಧೆ ನಿಲ್ಲಲಿ ಅಂತಾನೇ. ಸುಳ್ಳು ಲೆಟರ್ ಹಾಕಿ ಸಿಕ್ಕಿಬಿದ್ರೆ ಐದು ವರ್ಷ ಆ ಕಡೆ ತಲೆ ಹಾಕೋ ಹಾಗಿಲ್ಲ. ಅನುಭವಿಸೋರು ನಿಮ್ಮ ಮಕ್ಕಳು, ಏಜೆಂಟಲ್ಲ.

ಸ್ಕೋರ್ ಏರಿಸೋ ಸಾಫ್ಟ್‌ವೇರ್ ಅನ್ನೋದು ಇಲ್ಲವೇ ಇಲ್ಲ. 2015ರಲ್ಲಿ ಪಾಯಿಂಟ್ ನೋಡಿ ಪಿಆರ್‌ಗೆ ಕರೆಯೋ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ವ್ಯವಸ್ಥೆ ಶುರುವಾಯ್ತು, ಅದ್ರಲ್ಲಿ ವಯಸ್ಸು, ಓದು, ಅನುಭವ, ಭಾಷೆ ಇದಕ್ಕೆಲ್ಲ ಎಷ್ಟೆಷ್ಟು ಪಾಯಿಂಟು ಅಂತ 1200ರ ಲೆಕ್ಕ ಪೂರ್ತಿ ಸರ್ಕಾರಿ ವೆಬ್‌ಸೈಟಲ್ಲೇ ಇದೆ, ಕ್ಯಾಲ್ಕುಲೇಟರ್ ಫ್ರೀ, ಪ್ರೊಫೈಲ್ ಹಾಕೋದೂ ಫ್ರೀ. ಮಗಳನ್ನ ಮುಖ್ಯ ಅರ್ಜಿದಾರಳು ಮಾಡಿ ಒಂದ್ಸಲ, ಅಳಿಯಂದ್ರನ್ನ ಮಾಡಿ ಒಂದ್ಸಲ ಲೆಕ್ಕ ಹಾಕಿ ನೋಡಕ್ಕೆ ಹೇಳಿ, ಯಾರ ಹೆಸರಲ್ಲಿ ಜಾಸ್ತಿ ಬರತ್ತೋ ಅವರದ್ದೇ ಹಾಕ್ಲಿ. 29 ದಾಟಿದ ಮೇಲೆ ವಯಸ್ಸಿನ ಪಾಯಿಂಟು ವರ್ಷ ವರ್ಷ ಇಳೀತಾ ಹೋಗತ್ತೆ, ಹಾಗಾಗಿ ಮುಂದೂಡಬಾರದು. ನಿಜವಾಗ್ಲೂ ಸ್ಕೋರ್ ಏರೋದು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಇನ್ನೊಂದ್ಸಲ ಚೆನ್ನಾಗಿ ಬರೆದ್ರೆ, ಇಲ್ಲಾ ಫ್ರೆಂಚ್ ಕಲಿತ್ರೆ.

ಇಷ್ಟೆಲ್ಲ ಮೊಬೈಲಲ್ಲೇ ಆಗತ್ತೆ. ಆದ್ರೆ ನಮ್ಮೋರು ಸಿಕ್ಕಾಕೊಳ್ಳೋದು ಹೆಸರಲ್ಲಿ ಸರ್! ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಶಿಯಲ್ಲು, ಪಾಸ್‌ಪೋರ್ಟಲ್ಲಿ ಅದೇ ಇನಿಶಿಯಲ್ ಊರ ಹೆಸರು ಅಪ್ಪನ ಹೆಸರಾಗಿ ಉದ್ದ ಆಗಿರತ್ತೆ, ಮದುವೆ ಆದ್ಮೇಲೆ ಆಧಾರಲ್ಲಿ ಗಂಡನ ಹೆಸರು ಸೇರಿರತ್ತೆ, ಸರ್‌ನೇಮ್ ಕಾಲಂ ಎಷ್ಟೋ ಜನರ ಪಾಸ್‌ಪೋರ್ಟಲ್ಲಿ ಖಾಲಿ. ಕೆನಡಾದ ಫಾರ್ಮಲ್ಲಿ ಪಾಸ್‌ಪೋರ್ಟಲ್ಲಿ ಹೇಗಿದ್ಯೋ ಹಾಗೇ ಹಾಕ್ಬೇಕು, ಸರ್‌ನೇಮ್ ಇಲ್ದೇ ಇದ್ರೆ ಇರೋ ಹೆಸರನ್ನೆಲ್ಲ ಫ್ಯಾಮಿಲಿ ನೇಮ್ ಜಾಗದಲ್ಲಿ ಹಾಕಿ ಗಿವನ್ ನೇಮ್ ಜಾಗ ಖಾಲಿ ಬಿಡ್ಬೇಕು ಅಂತ ಅವರೇ ಹೇಳಿದಾರೆ. ಮಾರ್ಕ್ಸ್ ಕಾರ್ಡಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದ್ದೇ ಅಂತ ನೋಟರಿ ಹತ್ರ ಅಫಿಡವಿಟ್ ಈಗ್ಲೇ ಮಾಡಿಸಿಟ್ಕೊಳ್ಳಿ. ಇಲ್ಲಿನ ಡಿಗ್ರಿ ಕೆನಡಾದ ಯಾವ ಓದಿಗೆ ಸಮ ಅಂತ ನೋಡೋ ಡಿಗ್ರಿ ಮೌಲ್ಯಮಾಪನಕ್ಕೂ ಈಗ್ಲೇ ಅರ್ಜಿ ಹಾಕಿದ್ರೆ ಒಳ್ಳೇದು, ಯೂನಿವರ್ಸಿಟಿಯಿಂದ ಪೇಪರ್ ಹೊರಡೋದಕ್ಕೆ ಯಾವ ಆ್ಯಪೂ ಚುರುಕು ಮುಟ್ಸಲ್ಲ. ಪಿಆರ್ ಅರ್ಜಿ ಹಾಕಿ ಅಂತ ಕೆನಡಾ ಕಡೆಯಿಂದ ಇನ್ವಿಟೇಶನ್ ಬಂದ್ಮೇಲೆ ಹಾಕಕ್ಕೆ ಸಿಗೋದು 60 ದಿನ ಮಾತ್ರ, ಆಗ ಓಡಾಡಿದ್ರೆ ಸಾಲಲ್ಲ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಸೈಟಲ್ಲಿ 500 ರೂಪಾಯಿ ಕಟ್ಟಿ ಅಪಾಯಿಂಟ್‌ಮೆಂಟ್ ತಗೊಂಡ್ರೆ ಆಯ್ತು.

ಲಾಗಿನ್ ಮಾತ್ರ ಯಾರಿಗೂ ಕೊಡ್ಬೇಡಿ. ಇನ್ವಿಟೇಶನ್ನು, ಹೆಚ್ಚಿನ ದಾಖಲೆ ಕೇಳೋ ಮೆಸೇಜು ಎಲ್ಲ ಬರೋದು ಅಲ್ಲಿಗೇ. ಕೀ ಬೇರೆಯವರ ಕೈಲಿದ್ರೆ ಅವರು ನಿಮ್ಮ ಮಕ್ಕಳ ಹೆಸರಲ್ಲಿ ಏನು ಬರೆದ್ರು ಅಂತಾನೇ ಗೊತ್ತಾಗಲ್ಲ, ಆಮೇಲೆ ಗೊತ್ತಿರ್ಲಿಲ್ಲ ಅಂದ್ರೂ ಒಪ್ಪಲ್ಲ. ಹಿಂದೆ ರಿಜೆಕ್ಟ್ ಆಗಿದೆ, ಕೋರ್ಟ್ ಕೇಸಿದೆ, ಇಂಥ ತೊಡಕಿದ್ರೆ ಲಾಯರ್ರೋ ಲೈಸೆನ್ಸ್ ಇರೋ ಕನ್ಸಲ್ಟಂಟೋ ಬೇಕಾಗ್ತಾರೆ, ಅದು ನ್ಯಾಯವಾದ ಖರ್ಚು. ಕನ್ಸಲ್ಟಂಟ್‌ಗಳಿಗೆ ಲೈಸೆನ್ಸ್ ಕೊಡೋ ಕೆನಡಾದ ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟಂಟ್ಸ್ ಸೈಟಲ್ಲಿ ಹೆಸರು ಟೈಪ್ ಮಾಡಿದ್ರೆ ಇದಾರೋ ಇಲ್ವೋ ಗೊತ್ತಾಗತ್ತೆ. ನಿಮ್ಮ ಏಜೆಂಟ್ ಹೆಸರೂ ಹಾಕಿ ನೋಡಿ.

ಪ್ರಶ್ನೆ: ಟೊರಾಂಟೋದಲ್ಲಿರೋ ಮಗನ್ನ ನೋಡಕ್ಕೆ ಹಾಕಿದ್ದ ವಿಸಿಟರ್ ವೀಸಾ ರಿಜೆಕ್ಟ್ ಆಯ್ತು. ಈಗೆಲ್ಲ ಕಂಪ್ಯೂಟರೇ ರಿಜೆಕ್ಟ್ ಮಾಡೋದು ಅಂತಾರೆ, ನಿಜವಾ?
— ಒಬ್ಬ ತಾಯಿ, ಮಲ್ಲೇಶ್ವರಂ

ಉತ್ತರ: ಪೂರ್ತಿ ನಿಜ ಅಲ್ಲ ಅಮ್ಮ. ಭಾರತ, ಚೀನಾದಿಂದ ಆನ್‌ಲೈನ್ ಬರೋ ಅರ್ಜಿಗಳನ್ನ ವಿಂಗಡಿಸಕ್ಕೆ 2018ರಿಂದ ಕಂಪ್ಯೂಟರ್ ಬಳಸ್ತಿದಾರೆ, ಆದ್ರೆ ಅದು ಯಾವ ಅರ್ಜೀನೂ ತಿರಸ್ಕರಿಸಲ್ಲ, ಆ ನಿರ್ಧಾರ ಅಧಿಕಾರಿದೇ ಅಂತ ಅಲ್ಲಿನ ಇಲಾಖೆ ಹೇಳತ್ತೆ. ನೀವು ಅದೇ ಪೇಪರ್ ಇಟ್ಟು ಮತ್ತೆ ಹಾಕೋ ಮುಂಚೆ ಮಗನಿಗೆ ಫೋನ್ ಮಾಡಿ. ಅವರು ಅಲ್ಲಿಂದಲೇ ಮಾಹಿತಿ ಹಕ್ಕಿನಡಿ ಐದು ಡಾಲರ್ ಕಟ್ಟಿ, ನಿಮ್ಮ ಸಹಿ ಇರೋ ಒಪ್ಪಿಗೆ ಪತ್ರ ಲಗತ್ತಿಸಿ, ಅಧಿಕಾರಿ ಬರೆದಿಟ್ಟ ನೋಟ್ಸ್ ತರಿಸ್ಕೋಬಹುದು. ವಾಪಸ್ ಬರ್ತಾರೆ ಅನ್ನೋ ನಂಬಿಕೆ ಬರ್ಲಿಲ್ಲ ಅಂತಿದ್ರೆ ಪೆನ್ಶನ್ನು, ಮನೆ ಪತ್ರ, ಇಲ್ಲಿರೋ ಬೇರೆ ಮಕ್ಕಳ ವಿವರ ಸೇರಿಸಿ ಹಾಕಿ.