ಮಗ್ಗವೇ ಇಲ್ಲದ ಊರಲ್ಲಿ ಎಂಟು ಮಗ್ಗದ ಶೆಡ್ಡು

ಕುಷ್ಟಗಿ ಕಡೆಯ ಹಳ್ಳಿ, ಊರಲ್ಲಿ ಈವರೆಗೆ ಒಂದು ಮಗ್ಗವೂ ಇಲ್ಲ, ಸುತ್ತ ಹತ್ತಿ ಬೆಳೆಯುತ್ತೆ, ಹನ್ನೆರಡು ವಿದ್ಯುತ್ ಮಗ್ಗ ಹಾಕಬಹುದಾ ಅಂತ ಕೇಳಿದ್ದೀರಿ.

ಹತ್ತಿಯನ್ನು ಮೊದಲು ಲೆಕ್ಕದಿಂದ ತೆಗೆದುಬಿಡಿ. ಹೊಲಕ್ಕೂ ಮಗ್ಗಕ್ಕೂ ನಡುವೆ ಹತ್ತಿಯ ಬೀಜ ಬೇರ್ಪಡಿಸುವ ಜಿನ್ನಿಂಗ್ ಇದೆ, ನೂಲಿನ ಗಿರಣಿ ಇದೆ. ಗಿರಣಿ ಸಣ್ಣ ಬಂಡವಾಳದ ಮಾತಲ್ಲ. ನೀವು ಕೊಳ್ಳಬೇಕಾದದ್ದು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಕೋನ್ ನೂಲು; ಹಾಸಿಗೆ, ಅಂದರೆ ಉದ್ದ ಎಳೆಗೆ, ಗಂಜಿ ಹಾಕಿದ ನೂಲನ್ನು ದೊಡ್ಡ ಉರುಳೆಗೆ ಸುತ್ತಿದ ಬೀಮು.

ಹನ್ನೆರಡು ಬೇಡ, ಎಂಟು ಸಾಕು. ಸಾದಾ ಮಗ್ಗಕ್ಕೆ 1 ಎಚ್‌ಪಿ ಮೋಟಾರು. ಎಂಟು ಮಗ್ಗ, ಕಂಡಿಕೆ (ಅಡ್ಡ ಎಳೆ ಒಯ್ಯುವ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆ) ಸುತ್ತುವ ಯಂತ್ರ, ದೀಪ, ಫ್ಯಾನು ಸೇರಿದರೂ 10 ಎಚ್‌ಪಿ ಒಳಗೇ ಕೂರುತ್ತೆ. ರಾಜ್ಯ ಸರ್ಕಾರ 2023ರಲ್ಲಿ ಉಚಿತ ವಿದ್ಯುತ್ ಘೋಷಿಸಿದ್ದು ಆ 10 ಎಚ್‌ಪಿವರೆಗಿನವರಿಗೇ. ವಿದ್ಯುತ್ ಕಂಪನಿ ಜೆಸ್ಕಾಂನ ಅರ್ಜಿ ತುಂಬುವಾಗ ಈ ಗೆರೆ ದಾಟಬೇಡಿ.

ಉತ್ಪಾದನೆ ಹೀಗೆ ಹಿಡಿಯಿರಿ: ನಿಮಿಷಕ್ಕೆ ಲಾಳಿಯ 140 ಹೊಡೆತ (ಹೊಡೆತಕ್ಕೊಂದು ಹೊಕ್ಕು), ಇಂಚಿಗೆ 48 ಹೊಕ್ಕು, ನೂರಕ್ಕೆ 70ರಷ್ಟು ಹೊತ್ತು ಮಗ್ಗ ಓಡಿತು ಅಂದರೆ ಗಂಟೆಗೆ ಸುಮಾರು 3 ಮೀಟರ್, ಎಂಟು ಗಂಟೆಯ ಪಾಳಿಗೆ 25. ಎಂಟು ಮಗ್ಗಕ್ಕೆ 200 ಮೀಟರ್. 40ನೇ ನಂಬರ್ ನೂಲು, 48 ಇಂಚು ಪನ್ನ (ಬಟ್ಟೆಯ ಅಗಲ), ಇಂಚಿಗೆ 60 ಹಾಸಿನೆಳೆ ಇದ್ದರೆ ಮೀಟರಿಗೆ ಸುಮಾರು 82 ಗ್ರಾಂ ನೂಲು. ವೇಸ್ಟ್ ಸೇರಿ ದಿನಕ್ಕೆ 17 ಕೆ.ಜಿ. ಬಟ್ಟೆಯ ದುಡ್ಡು ಕೈಗೆ ಬರಲು 45 ದಿನವಾದರೆ 765 ಕೆ.ಜಿ. ನೂಲಿನ ದುಡ್ಡು ಹೊರಗೇ ಸಿಕ್ಕಿಕೊಂಡಿರುತ್ತೆ. ಹಾಗಾಗಿ ಮೊದಲ ವರ್ಷ ಸಾವುಕಾರರ ನೂಲಿಗೆ ಕೂಲಿ ನೇಯ್ಗೆ ಮಾಡುವುದೇ ಲೇಸು. ಲಾಭ ಕಡಿಮೆ, ನಿದ್ದೆ ಬರುತ್ತೆ.

ಇನ್ನು ನೆಲ. ನಿಮ್ಮದು ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿಯಾದರೆ ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಎರೆ ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಮೇಲೆ ಬರೀ ಕಾಂಕ್ರೀಟ್ ಹಾಕಿದರೆ ಒಂದೇ ವರ್ಷದಲ್ಲಿ ಮಗ್ಗದ ಮಟ್ಟ ತಪ್ಪಬಹುದು. ಮಟ್ಟ ತಪ್ಪಿದ ಮಗ್ಗದಿಂದ ಲಾಳಿ ಹಾರುತ್ತೆ; ತುದಿಗೆ ಕಬ್ಬಿಣದ ಮೊನೆ ಇರುವ ಲಾಳಿ ಅದು, ಪಕ್ಕದ ಮಗ್ಗದವರ ಮುಖಕ್ಕೇ ಬರುತ್ತೆ. ಎರೆ ತೆಗೆಸಿ, ಗರಸು (ಹರಳು ಮಣ್ಣು) ಪದರ ಪದರವಾಗಿ ನೀರು ಹಾಕಿ ಬಡಿಸಿ, ಆಮೇಲೆ ಕಾಂಕ್ರೀಟ್.

ನಮ್ಮ ಸೀಮೆಯಲ್ಲಿ ಮಗ್ಗ ಸೋಲುವುದು ಹೆಚ್ಚಾಗಿ ಒಣ ಹವೆಗೆ. ಹತ್ತಿ ನೂಲಿಗೆ ಗಾಳಿಯಲ್ಲಿ ನೂರಕ್ಕೆ 75ರಿಂದ 80 ತೇವ ಬೇಕು. ಇಲ್ಲದಿದ್ದರೆ ಗಂಜಿ ಪುಡಿಯಾಗಿ ಉದುರುತ್ತೆ, ಎಳೆ ಪಟಪಟ ಹರಿಯುತ್ತೆ, ಮೇಲಿನ 70ರ ಲೆಕ್ಕ ಏಪ್ರಿಲ್‌ನಲ್ಲಿ 50ಕ್ಕೆ ಇಳಿಯುತ್ತೆ. ಇಳಕಲ್ಲಿನ ಗುಂಡಿ ಮಗ್ಗಕ್ಕೆ, ಅಂದರೆ ನೆಲದ ಗುಂಡಿಗೆ ಕಾಲಿಳಿಸಿ ನೇಯುವ ಕೈಮಗ್ಗಕ್ಕೆ, ಒಂದು ಅನುಕೂಲ ಇತ್ತು, ನೆಲದ ತಂಪು ಎಳೆಗೆ ತಾಗುತ್ತಿತ್ತು. ಪಡುವಣ ಗೋಡೆಗೆ ಕಿಟಕಿ ಬೇಡ, ತಗಡಿನ ಕೆಳಗೆ ಸೀಲಿಂಗ್ ಇರಲಿ, ನೀರು ಸಿಂಪಡಿಸುವ ಹ್ಯುಮಿಡಿಫೈಯರ್ ಇರಲಿ. ಎರಡು ಥರ್ಮಾಮೀಟರ್ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿ: ಒಣಗಿದ್ದು 35, ಒದ್ದೆಯದು 31 ಡಿಗ್ರಿ ತೋರಿಸಿದರೆ ತೇವ 75 ಇದೆ ಅಂತ. ಒದ್ದೆಯದು 28ಕ್ಕೆ ಬಿದ್ದರೆ ನೀರು ಸಾಲದು.

ಬೀಮಿನ ವಿಷಯ ಹೊಸಬರಿಗೆ ಹೊಳೆಯುವುದೇ ಇಲ್ಲ. 1000 ಮೀಟರಿನ ಬೀಮು ಒಂದು ಪಾಳಿಯಲ್ಲಿ 40 ದಿನ ಬರುತ್ತೆ. ಎಂಟೂ ಮಗ್ಗಕ್ಕೆ ಒಂದೇ ದಿನ ಬೀಮು ಏರಿಸಿದರೆ ಎಂಟೂ ಹೆಚ್ಚುಕಡಿಮೆ ಒಟ್ಟಿಗೇ ಖಾಲಿ. ಆಗ ಒಂದೊಂದು ಮಗ್ಗಕ್ಕೂ 2880 ಎಳೆ (48 ಇಂಚಿಗೆ 60ರಂತೆ) ಕೈಯಲ್ಲಿ ಕೆಚ್ಚಬೇಕು, ಅಂದರೆ ಹಳೆಯ ಎಳೆಗೆ ಹೊಸ ಎಳೆ ಜೋಡಿಸಬೇಕು, ಅಷ್ಟೂ ದಿನ ನೇಯುವವರು ಸುಮ್ಮನೆ ಕೂರಬೇಕು. ಐದೈದು ದಿನ ಬಿಟ್ಟು ಒಂದೊಂದೇ ಮಗ್ಗ ಏರಿಸಿ, ಎರಡು ಬೀಮು ಕೈಯಲ್ಲಿ ಇಟ್ಟುಕೊಳ್ಳಿ.

ಜನ: ಎರಡು ಮಗ್ಗಕ್ಕೊಬ್ಬರಂತೆ ನಾಲ್ವರು, ಕಂಡಿಕೆಗೆ ಒಬ್ಬರು, ಮಗ್ಗ ಜೋಡಿಸಿ ರಿಪೇರಿ ಮಾಡುವ ಜಾಬರ್ ಒಬ್ಬರು. ಹತ್ತಿ ಬಿಡಿಸುವ ತಿಂಗಳಲ್ಲಿ ಅರ್ಧ ಜನ ಹೊಲಕ್ಕೆ ಹೋಗುತ್ತಾರೆ, ಅದಕ್ಕೆ ಇನ್ನಿಬ್ಬರಿಗೆ ಕಲಿಸಿಟ್ಟಿರಿ. ನೇಯುವುದನ್ನು ಊರಿನವರು ಮೂರು ತಿಂಗಳಲ್ಲಿ ಕಲಿತಾರು, ಜಾಬರ್ ಕೆಲಸ ಮಾತ್ರ ಹಾಗಲ್ಲ. ಇಳಕಲ್ಲು, ಬನಹಟ್ಟಿ ಕಡೆಯ ಒಬ್ಬ ಜಾಬರ್ ಊರಿಗೆ ಬಂದಿರಲು ಒಪ್ಪುವ ತನಕ ಮಗ್ಗಕ್ಕೆ ಮುಂಗಡ ಕೊಡಬೇಡಿ.