ಮಡ್‌ಗಾರ್ಡ್ ಎಲ್ಲಿ ಸಿಗುತ್ತದೆ ಎಂದು ಕೇಳುವ ಮೊದಲು

ಹಳೇ ಕಾರಿನ ಬಾಡಿ ಬಗ್ಗೆ ಬರುವ ಪತ್ರಗಳೆಲ್ಲ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ: ‘ಪಾರ್ಟ್ ಎಲ್ಲಿ ಸಿಗುತ್ತದೆ, ಒಂದು ನಂಬರ್ ಕೊಡಿ.’ ನಂಬರ್ ಕೊಡುವುದಿಲ್ಲ. ನಂಬರ್ ಸಿಕ್ಕವರೇ ಹೊಂದದ ಬಾಗಿಲು, ತೂತಾದ ಮಡ್‌ಗಾರ್ಡ್ ತರಿಸಿ ಶೆಡ್ಡಿನಲ್ಲಿ ರಾಶಿ ಹಾಕಿಕೊಂಡಿರುವುದು. ಏನು ಬೇಕು ಎಂಬುದು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಿದ್ದವರಿಗೆ ಎಲ್ಲಿ ಸಿಗುತ್ತದೆ ಎಂಬುದು ದೊಡ್ಡ ಸಮಸ್ಯೆಯೇ ಅಲ್ಲ. ಈ ಸಲ ಒಂದು ಪತ್ರಕ್ಕೆ ಉದ್ದ ಉತ್ತರ, ಉಳಿದವಕ್ಕೆ ಗಿಡ್ಡ ಉತ್ತರ.

ಪ್ರಶ್ನೆ: ನಮ್ಮದು 1972ರ ಮಾರ್ಕ್ 2 ಅಂಬಾಸಿಡರ್, ತಂದೆಯವರ ಕಾಲದ್ದು. ಹೈವೇಯಲ್ಲಿ ಟೆಂಪೊ ತಾಗಿ ಕ್ಲೀನರ್ ಸೈಡಿನ ಮುಂದಿನ ಮಡ್‌ಗಾರ್ಡ್, ಗ್ರಿಲ್, ಬಾನೆಟ್ಟಿನ ಮೂಲೆ ಹೋಗಿದೆ. ಆ ಬದಿಯ ಬಾಗಿಲನ್ನು ಈಗ ಎತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತದೆ. ‘ಮಾರ್ಕ್ 4ರ ಮುಖ ಹಾಕಿಬಿಡುವ, ಅದಾದರೆ ಸಿಗುತ್ತದೆ’ ಎನ್ನುತ್ತಾರೆ ಟಿಂಕರ್. ಒರಿಜಿನಲ್ ಎಲ್ಲಿ ಸಿಕ್ಕೀತು? (ಕುಂದಾಪುರದ ಓದುಗರು)

ನೀವು ಮಡ್‌ಗಾರ್ಡ್ ಬಗ್ಗೆ ಕೇಳಿದ್ದೀರಿ, ಆದರೆ ನಿಮ್ಮ ಪತ್ರದಲ್ಲಿ ಮುಖ್ಯವಾದ ವಾಕ್ಯ ಬಾಗಿಲಿನದ್ದು. ಬಾಗಿಲನ್ನು ಅರ್ಧ ತೆರೆದು, ಹ್ಯಾಂಡಲ್ ಇರುವ ತುದಿಯನ್ನು ಕೈಯಲ್ಲಿ ಎತ್ತಿ ನೋಡಿ. ಲಟಲಟ ಆಡಿದರೆ ಹಿಂಜಿನ ಪಿನ್ ಸವೆದಿದೆ, ಅದು ಅಪಘಾತಕ್ಕೂ ಮೊದಲಿನ ರೋಗ, ಲೇತ್‌ನಲ್ಲಿ ದಪ್ಪ ಪಿನ್ ಮಾಡಿಸಿದರೆ ಮುಗಿಯಿತು. ಆಡದೆ ಗಟ್ಟಿಯಾಗಿದ್ದೂ ಬಾಗಿಲು ಜೋತಿದ್ದರೆ ಹಿಂಜ್ ಕೂತ ಪಿಲ್ಲರ್ರೇ ಹಿಂದಕ್ಕೆ ಸರಿದಿದೆ ಎಂದರ್ಥ. ಆಗ ಜಗತ್ತಿನ ಅತಿ ಒಳ್ಳೆಯ ಮಡ್‌ಗಾರ್ಡ್ ತಂದರೂ ಬೋಲ್ಟಿನ ತೂತು ತೂತಿಗೆ ಕೂರುವುದಿಲ್ಲ. ಟಿಂಕರ್ ತೂತನ್ನು ಅಗಲ ಮಾಡುತ್ತಾರೆ, ಗ್ಯಾಪಿಗೆ ಪಟ್ಟಿ (ಗುಳಿ ಮುಚ್ಚುವ ಪುಟ್ಟಿ ಲೇಪ) ತುಂಬುತ್ತಾರೆ, ಒಂದು ವರ್ಷಕ್ಕೆ ಪಟ್ಟಿ ಬಿರುಕು ಬಿಡುತ್ತದೆ, ಮತ್ತೆ ನಮಗೆ ಪತ್ರ ಬರುತ್ತದೆ.

ಅಂಬಾಸಿಡರ್‌ಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇಲ್ಲ, ಪೆಟ್ಟನ್ನು ಬಾಡಿಯೇ ತಿನ್ನುತ್ತದೆ. ಹಾಗಾಗಿ ಪಾರ್ಟ್ ಹುಡುಕುವ ಮೊದಲು ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಬಾನೆಟ್ ಬಿಚ್ಚಿ, ಅಳತೆ ತೆಗೆಯಿರಿ. ಎಡ ಮುಂತುದಿಯ ಒಂದು ಬೋಲ್ಟಿನಿಂದ ಬಲ ಹಿಂಜ್ ಪಿಲ್ಲರ್‌ಗೆ, ಬಲ ಮುಂತುದಿಯ ಅದೇ ಬೋಲ್ಟಿನಿಂದ ಎಡ ಪಿಲ್ಲರ್‌ಗೆ. ಎರಡು ಕರ್ಣಗಳ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಪುಣ್ಯ. 6–7 ದಾಟಿದರೆ ಮೊದಲು ಬಾಡಿಯನ್ನು ಎಳೆಸಿ ನೆಟ್ಟಗೆ ಮಾಡಿಸಬೇಕು. ಎಳೆಯುವಾಗ ಜಜ್ಜಿದ ಮಡ್‌ಗಾರ್ಡ್ ಗಾಡಿಯಲ್ಲೇ ಇರಲಿ. ಪೆಟ್ಟು ಯಾವ ದಾರಿಯಲ್ಲಿ ಒಳಹೋಯಿತೋ ಅದೇ ದಾರಿಯಲ್ಲಿ ಹೊರಗೆ ಎಳೆಯಬೇಕು, ಆ ದಾರಿಯ ಗುರುತು ಇರುವುದು ಅದರಲ್ಲೇ. ಬಾಗಿಲ ಸುತ್ತ 4–5 ಮಿ.ಮೀ. ಸಂದು ಮೇಲಿನಿಂದ ಕೆಳಗಿನವರೆಗೆ ಸಮ ಬಂದ ಮೇಲೆಯೇ ಮುಂದಿನ ಮಾತು. ಮುಂದಿನ ಸಸ್ಪೆನ್ಷನ್ ಟಾರ್ಷನ್ ಬಾರಿನದ್ದು (ಸ್ಪ್ರಿಂಗಿನ ಬದಲು ತಿರುಚುವ ಸರಳು). ಚಕ್ರಕ್ಕೂ ಪೆಟ್ಟು ಬಿದ್ದಿದ್ದರೆ ಅದರ ಹಿಡಿಕೆಗಳ ಸುತ್ತ ಬಿರುಕಿದೆಯೇ ಎಂದು ನೋಡಿಸಿ.

ಇನ್ನೊಂದು ಮಾತು, ಇದಕ್ಕೆ ಯಾರೂ ಕಿವಿಗೊಡುವುದಿಲ್ಲ: ಹಳೆಯ ಮಡ್‌ಗಾರ್ಡನ್ನು ಗುಜರಿಗೆ ಕೊಡಬೇಡಿ. ತುಕ್ಕಿಲ್ಲದ ಜಜ್ಜಿದ ತಗಡು, ನೋಡಲು ನೆಟ್ಟಗಿದ್ದು ಒಳಗೆ ತುಕ್ಕು ಹಿಡಿದ ತಗಡಿಗಿಂತ ಎಷ್ಟೋ ಮೇಲು. ಡೆಂಟ್ ಎಷ್ಟೇ ಕೊಳಕಾಗಿರಲಿ, ಅಂಚಿನ ಮಡಿಕೆ ಮತ್ತು ಬೋಲ್ಟ್ ಸಾಲು ಉಳಿದಿದ್ದರೆ ಒಳ್ಳೆಯ ಟಿಂಕರ್ ಅದನ್ನೇ ಎಬ್ಬಿಸಬಲ್ಲರು. ‘ಎಬ್ಬಿಸುವುದಕ್ಕಿಂತ ಹೊಸತು ಸುಲಭ’ ಎನ್ನುವವರು ಸುತ್ತಿಗೆ ಕೆಳಗಿಟ್ಟು ಪಟ್ಟಿ ಡಬ್ಬ ಹಿಡಿದವರು. ತಗಡು ಹರಿದು ಚೂರಾಗಿದ್ದರೆ ಮಾತ್ರ ಬೇರೆ ಹುಡುಕಿ. ಹೊಸತು ಕೂರುವವರೆಗೆ ಹಳೆಯದೇ ನಿಮ್ಮ ಅಳತೆಗೋಲು.

ಈಗ ಹುಡುಕುವ ವಿಷಯ. ಆರ್‌ಸಿಯಲ್ಲಿ 1972 ಎಂದಿರುವುದನ್ನು ಮಾತ್ರ ನಂಬಬೇಡಿ. ನಡುವೆ ಯಾರೋ ಒಬ್ಬರು ಮುಖ ಬದಲಿಸಿದ ಗಾಡಿಗಳು ನಮ್ಮ ಊರಿನಲ್ಲಿ ಬೇಕಾದಷ್ಟು ಉಂಟು, ಟ್ಯಾಕ್ಸಿಯಾಗಿ ಓಡಿದವಂತೂ ಕೇಳುವುದೇ ಬೇಡ. ಮಾರ್ಕ್ 2ರ ಗ್ರಿಲ್ ಚೌಕಳಿಯದು. 1979ರಲ್ಲಿ ಮಾರ್ಕ್ 4 ಬಂದಾಗ ಗ್ರಿಲ್ ಕಿರಿದಾಗಿ ಇಕ್ಕೆಲದಲ್ಲಿ ಬೇರೆ ಲ್ಯಾಂಪ್ ಬಂತು. ಎದುರಿನ ತಗಡೂ ಅದಕ್ಕೆ ತಕ್ಕಂತೆ ಬದಲಾಯಿತು. ಮಾರಾಟಗಾರರಿಗೆ ‘ಅಂಬಾಸಿಡರ್ ಲೆಫ್ಟ್ ಫೆಂಡರ್’ ಎಂದರೆ ಅವರ ಕೈಗೆ ಸಿಕ್ಕಿದ್ದು ಬರುತ್ತದೆ. ಹೆಡ್‌ಲೈಟ್ ತೂತಿನ ವ್ಯಾಸ, ಬೋಲ್ಟಿನಿಂದ ಬೋಲ್ಟಿಗೆ ಅಂತರ, ಗ್ರಿಲ್ ಕಡೆಯ ಅಂಚಿನ ಆಕಾರ, ಬೀಡಿಂಗ್ ಕ್ಲಿಪ್ಪಿನ ತೂತುಗಳು, ಇಷ್ಟನ್ನೂ ಟೇಪ್ ಇಟ್ಟು ಫೋಟೊ ತೆಗೆಯಿರಿ. ಚಕ್ರದ ಕಮಾನನ್ನು ಜಜ್ಜದ ಬಲಬದಿಯಿಂದ ರಟ್ಟಿನಲ್ಲಿ ಕತ್ತರಿಸಿ, ರಟ್ಟನ್ನು ತಿರುಗಿಸಿ ಹಿಡಿದರೆ ಎಡದ್ದಾಯಿತು. ‘ಲೆಫ್ಟ್’ ಎನ್ನುವ ಬದಲು ಡ್ರೈವರ್ ಸೈಡ್, ಕ್ಲೀನರ್ ಸೈಡ್ ಎನ್ನಿ. ಎದುರು ನಿಂತು ನೋಡುವವನ ಎಡವೇ ಬೇರೆ, ಕೆಲವು ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದರೆ ಫೋಟೊವೇ ತಿರುವುಮುರುವು.

ಮಂಗಳೂರಿನ ಬಂದರಿನಲ್ಲೋ ಬೈಕಂಪಾಡಿಯಲ್ಲೋ ಉಡುಪಿಯ ಗುಜರಿಯಲ್ಲೋ ಕಾಲಿಗೆ ತೊಡರುವ ಬಾಡಿ ಪಾರ್ಟನ್ನು ಬಿಟ್ಟುಬಿಡಿ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ ಎರಡನ್ನೂ ನಲವತ್ತು ವರ್ಷ ತಿಂದ ತಗಡದು. ಘಟ್ಟ ಹತ್ತಿ. ಬಳ್ಳಾರಿ, ಚಿತ್ರದುರ್ಗ, ಕಲಬುರಗಿ ಕಡೆಯ ಒಣ ಹವೆಯಲ್ಲಿ ಬಿದ್ದ ಗಾಡಿಯ ಬಣ್ಣ ಸುಟ್ಟು ಹೋಗಿರುತ್ತದೆ, ತಗಡು ಗಟ್ಟಿ ಇರುತ್ತದೆ. ಮಾರ್ಕೆಟ್ಟೇ ಬೇಕೆಂದರೆ ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟೆ. ರಬ್ಬರ್ ಬೀಡಿಂಗ್, ಲ್ಯಾಂಪ್ ರಿಂಗಿಗೆ ಜೆ.ಸಿ. ರಸ್ತೆ. ಅಂಬಾಸಿಡರ್‌ಗೆ ದೊಡ್ಡ ಕಣಜ ಕೋಲ್ಕತ್ತದ ಮಲ್ಲಿಕ್ ಬಜಾರ್. 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಂತಿತು, 15 ವರ್ಷದ ಮಿತಿ ದಾಟಿದ ಹಳದಿ ಟ್ಯಾಕ್ಸಿಗಳು ಅಲ್ಲಿ ಸಾಲಾಗಿ ಗುಜರಿಗೆ ಬಂದಿವೆ. ಆದರೆ ಅವು ಕೊನೆಯ ಕಾಲದ ಗಾಡಿಗಳು, ನಿಮ್ಮ ಗ್ರಿಲ್ ಅಲ್ಲಿ ಸುಲಭಕ್ಕೆ ಸಿಗದು. ಕೋಲ್ಕತ್ತವೂ ನೀರು ನಿಲ್ಲುವ ಊರೇ, ಮೊಣಕಾಲಿಗಿಂತ ಕೆಳಗಿನ ತಗಡನ್ನು ಅಲ್ಲಿಂದ ತರಿಸಬೇಡಿ.

ಹಣ ಕಳಿಸುವ ಮೊದಲು ವಿಡಿಯೊ ಕೇಳಿ, ಫೋಟೊ ಸಾಲದು. ಫ್ರಿಜ್ಜಿಗೆ ಅಂಟಿಸುವಂಥ ಸಣ್ಣ ಮ್ಯಾಗ್ನೆಟನ್ನು ಕೆಳಗಿನ ಅಂಚಿನ ಉದ್ದಕ್ಕೂ ಎಳೆದು ತೋರಿಸಲಿ. ಎಲ್ಲಿ ಜಾರಿ ಬೀಳುತ್ತದೋ ಅಲ್ಲಿ ದಪ್ಪ ಪಟ್ಟಿ ಇದೆ. ಮಡ್‌ಗಾರ್ಡಿನಲ್ಲಿ ನೋಡಬೇಕಾದ ಜಾಗ ಎರಡು: ಹೆಡ್‌ಲೈಟ್ ಬಟ್ಟಲಿನ ಹಿಂದೆ ಕೆಸರು ಕೂರುವ ಕಟ್ಟೆ, ಚಕ್ರದ ಹಿಂದೆ ಬಾಗಿಲಿಗೆ ತಾಗುವ ಕೆಳಮೂಲೆ. ಬಾಗಿಲಿನಲ್ಲಿ ತಳದ ಎರಡು ಇಂಚಿನ ಮಡಿಕೆ. ಬಾನೆಟ್ಟಿನಲ್ಲಿ ಮೂಗಿನ ಒಳಮಡಿಕೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದ ತಗಡು ಬೊದ್ ಎನ್ನುತ್ತದೆ. ತಟ್ಟಲು ಬಿಡದವರ ಅಂಗಡಿಯಿಂದ ಹೊರಗೆ ಬನ್ನಿ.

ಬಿಡಿ ಮಡ್‌ಗಾರ್ಡಿಗಿಂತ ಸಾಧ್ಯವಾದರೆ ಇಡೀ ಮುಖವನ್ನೇ ಕೊಳ್ಳಿ. ಗ್ರಿಲ್, ಅದರ ಚೌಕಟ್ಟು, ಬಾನೆಟ್ ಲಾಕ್, ಒಳಗಿನ ಪಟ್ಟಿಗಳು ಒಂದೇ ಗಾಡಿಯವಾದರೆ ಒಂದಕ್ಕೊಂದು ಕೂರುತ್ತವೆ. ಬಿಡಿಬಿಡಿಯಾಗಿ ತಂದರೆ ಸಿಗದೆ ಕಾಡುವುದು ಆ ಸಣ್ಣ ಬ್ರಾಕೆಟ್‌ಗಳೇ. ‘ಗ್ಯಾಸ್ ಕಟರ್ ಹಾಕಬೇಡಿ, ಬೋಲ್ಟ್ ಬಿಚ್ಚಿ ಕೊಡಿ’ ಎಂದು ಮೊದಲೇ ಹೇಳಿ. ಬೆಸುಗೆ ಇರುವ ಕಡೆ ಬೆಸುಗೆಯಿಂದ ನಾಲ್ಕು ಇಂಚು ಆಚೆ ಕತ್ತರಿಸಲಿ. ಬಿಲ್ ಇಲ್ಲದೆ ಯಾವುದನ್ನೂ ತರಬೇಡಿ, ಚಾಸಿ ನಂಬರ್ ಇರುವ ತುಂಡನ್ನಂತೂ ಮುಟ್ಟಲೇಬೇಡಿ. ಲಾರಿ ಪಾರ್ಸೆಲ್‌ನಲ್ಲಿ ಹಾಕುವಾಗ ಬಾಗಿಲಿನ ಗಾಜು ತೆಗೆಸಿ, ಬಾನೆಟ್ಟನ್ನು ಗೋಣಿ ಸುತ್ತಿ ಮರದ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಅದರ ಮೇಲೆ ಯಾರದ್ದೋ ಮೋಟಾರ್ ಪಂಪ್ ಕೂತಿರುತ್ತದೆ.

ಜೋಡಿಸುವ ಕ್ರಮ: ಮೊದಲು ಪಿಲ್ಲರ್‌ಗೆ ಬಾಗಿಲು, ಬಾಗಿಲಿಗೆ ಮಡ್‌ಗಾರ್ಡ್, ಮಡ್‌ಗಾರ್ಡಿಗೆ ಬಾನೆಟ್, ಕೊನೆಗೆ ಗ್ರಿಲ್. ಟಿಂಕರ್‌ಗಳು ಗ್ರಿಲ್‌ನಿಂದ ಶುರುಮಾಡಿ ಹಿಂದಕ್ಕೆ ಬರುತ್ತಾರೆ, ಎಲ್ಲ ತಪ್ಪೂ ಬಾಗಿಲ ಸಂದಿಗೆ ಬಂದು ಸೇರುತ್ತದೆ. ಎಲ್ಲ ಬೋಲ್ಟ್ ಸಡಿಲವಾಗಿ ಹಾಕಿ, ಸಂದು ಸರಿ ಬಂದ ಮೇಲೆ ಬಿಗಿಯಿರಿ. ಆಮೇಲೆ ಮತ್ತೆ ಬಿಚ್ಚಿ. ಹೌದು, ಬಿಚ್ಚಲೇಬೇಕು, ಒಳಮೈಗೆ ಬಣ್ಣ ಹೋಗಬೇಕಾದ್ದು ಆಗಲೇ. ವೈರ್ ಬ್ರಷ್, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್, ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಅದೇ ದಿನ ಎಪಾಕ್ಸಿ ಪ್ರೈಮರ್. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದು ತೇವ ಹೀರುತ್ತದೆ. ಜೋಡಣೆಗಳಿಗೆ ಸೀಲರ್, ಬಾಗಿಲಿನ ಒಳಗೆ ಮೇಣದ ಸ್ಪ್ರೇ. ಆದರೆ ಬಾಗಿಲ ತಳದ ನೀರಿಳಿಯುವ ತೂತುಗಳನ್ನು ಮುಚ್ಚಬೇಡಿ. ಕಾರು ಚಂದ ಕಾಣಲೆಂದು ಅವನ್ನು ಪಟ್ಟಿಯಲ್ಲಿ ಮೆತ್ತುವ ಪೇಂಟರ್‌ಗಳು ಈ ಜಿಲ್ಲೆಗಳಲ್ಲಿ ಎಷ್ಟು ಬಾಗಿಲು ಕೊಳೆಸಿದ್ದಾರೋ!

ತೇಪೆ ಹಾಕುವುದಿದ್ದರೆ 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಶೀಟ್, ಅಂದರೆ ಸುಮಾರು 0.9 ಮಿ.ಮೀ. ತುಕ್ಕು ಹಿಡಿಯದೆಂದು ಜಿಐ (ಸತು ಲೇಪಿಸಿದ) ಶೀಟ್ ಹಾಕಿಸಬೇಡಿ: ಬೆಸುಗೆ ಹಾಕಿದ ಜಾಗದಲ್ಲೇ ಸತು ಸುಟ್ಟು ಹೋಗುತ್ತದೆ, ಆ ಹೊಗೆ ವೆಲ್ಡರನ ಎದೆಗೂ ಕೆಟ್ಟದು, ಉಳಿದ ಕಡೆ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ. ಒಂದರ ಮೇಲೊಂದು ತಗಡಿಟ್ಟು ಬೆಸೆದರೆ ನಡುವೆ ಉಪ್ಪುನೀರು ಕೂತು ಎರಡೂ ಹೋಗುತ್ತವೆ, ಅಂಚಿಗೆ ಅಂಚು ತಾಗಿಸಿ ಬೆಸೆಯಿರಿ. ಬ್ಯಾಟರಿ ಬಿಚ್ಚಿ, ಸಿಒಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗ್, 0.8 ಮಿ.ಮೀ. ತಂತಿ, ಇಂಚಿಗೊಂದು ಚುಕ್ಕಿ ಹಾಕಿ ತಣಿಯಲು ಬಿಡುತ್ತ ಸಂದು ತುಂಬಿಸಬೇಕು. ಗ್ಯಾಸ್ ವೆಲ್ಡಿಂಗ್‌ನ ಶಾಖಕ್ಕೆ ಅಗಲ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಪಟ್ಟಿ 2 ಮಿ.ಮೀ. ದಾಟಬಾರದು. ಇದೆಲ್ಲ ಡಿಸೆಂಬರಿನಿಂದ ಫೆಬ್ರವರಿಯೊಳಗೆ. ಮಳೆಗಾಲದಲ್ಲಿ ಪಾರ್ಟ್ ಹುಡುಕಿ, ಬಣ್ಣ ಹೊಡೆಸಬೇಡಿ.

ಮಾರ್ಕ್ 4ರ ಮುಖ ಕೂರುವುದಿಲ್ಲ ಎಂದಲ್ಲ, ಸೆಟ್ಟಾಗಿ ಹಾಕಿದರೆ ಕೂರುತ್ತದೆ. ಆದರೆ ನಿಮ್ಮ ಗಾಡಿಗೆ 50 ವರ್ಷ ದಾಟಿದೆ. 2021ರ ಕೇಂದ್ರ ನಿಯಮದಂತೆ ಅದನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಇದೆ, ನಂಬರಿನಲ್ಲಿ ‘ವಿಎ’ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬುದು ಷರತ್ತು. ಮಾಡಿಸಿದ ಮೇಲೆ ದಿನಬಳಕೆಗೆ ಓಡಿಸುವಂತಿಲ್ಲ, ಅದೂ ನೆನಪಿರಲಿ. ಮಾಡಿಸುತ್ತೀರೋ ಇಲ್ಲವೋ, ಆ ಅವಕಾಶದ ಬಾಗಿಲನ್ನು ಮುಖ ಬದಲಿಸಿ ಯಾಕೆ ಮುಚ್ಚುತ್ತೀರಿ ಮಾರಾಯ್ರೆ?

ಪ್ರಶ್ನೆ: ಮಲ್ಪೆಯಲ್ಲಿ ಬೋಟಿನ ಫೈಬರ್ ಕೆಲಸದವರು ಮಡ್‌ಗಾರ್ಡ್ ಅಚ್ಚು ತೆಗೆದು ಮಾಡಿಕೊಡುತ್ತಾರಂತೆ. ಹಾಕಬಹುದೇ?

ಬೋಟು ಮಾಡಲು ಅವರಷ್ಟು ಬಲ್ಲವರಿಲ್ಲ. ಮಡ್‌ಗಾರ್ಡಿಗೆ ಬೇಡ. ಬೋಲ್ಟ್ ಬಿಗಿದ ಕಡೆ ಕಬ್ಬಿಣದ ಪಟ್ಟಿ ಹುದುಗಿಸದಿದ್ದರೆ ಫೈಬರ್ ಸೀಳುತ್ತದೆ, ತಗಡಿಗೆ ಸೇರುವ ಗೆರೆಯಲ್ಲಿ ಬಣ್ಣ ಬಿರಿಯುತ್ತದೆ, ಲೈಟಿನ ಅರ್ಥ್ ತಂತಿ ಬೇರೆ ಎಳೆಯಬೇಕು. ಅಚ್ಚು ತೆಗೆಯುವುದೂ ಜಜ್ಜಿದ್ದರಿಂದಲೇ ಅಲ್ಲವೇ?

ಪ್ರಶ್ನೆ: ಮಿಲ್ಲಿಚೆಂಟೊ ಫಿಯೆಟ್ಟಿಗೆ ಪದ್ಮಿನಿಯ ಮುಂದಿನ ಬಾಗಿಲು ಹೊಂದುತ್ತದೆಯೇ?

ಒಂದರ ಹಿಂಜ್ ಹಿಂದೆ, ಇನ್ನೊಂದರದ್ದು ಮುಂದೆ. ಗಾಡಿಯ ಹತ್ತಿರ ಹೋಗಿ ಒಮ್ಮೆ ಬಾಗಿಲು ತೆರೆದು ನೋಡಿ.

ಪ್ರಶ್ನೆ: ಬಂಪರ್ ಮರುಕ್ರೋಮ್ ಮಾಡಿಸಿದೆ. ಒಂದೇ ಮಳೆಗಾಲಕ್ಕೆ ಚುಕ್ಕಿ ಚುಕ್ಕಿ ತುಕ್ಕು. ಬೇರೆ ಬಂಪರ್ ಹುಡುಕಲೇ?

ಬಂಪರ್ ತಪ್ಪಿಲ್ಲ. ನಿಮಗೆ ಮಾಡಿಕೊಟ್ಟದ್ದು ಹೊಳಪು ಮಾತ್ರ. ತುಕ್ಕು ತಡೆಯುವುದು ಕ್ರೋಮ್ ಅಲ್ಲ, ಅದರ ಕೆಳಗಿನ ನಿಕ್ಕಲ್. ಡೆಂಟ್ ತೆಗೆದು, ಮೊದಲು ತಾಮ್ರ, ಅದನ್ನು ಬಫ್ ಮಾಡಿ ಗುಳಿ ಮುಚ್ಚಿ, ಮೇಲೆ ಕನಿಷ್ಠ 25 ಮೈಕ್ರಾನ್ ನಿಕ್ಕಲ್, ಕೊನೆಗೆ ತೆಳುವಾಗಿ ಕ್ರೋಮ್. ದಪ್ಪವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದವರಿಗೆ ಕೊಡಬೇಡಿ. ಬಂಪರಿನ ಬೆನ್ನಿಗೆ ಪ್ಲೇಟಿಂಗ್ ಸರಿಯಾಗಿ ಹತ್ತುವುದಿಲ್ಲ, ಮನೆಗೆ ತಂದ ಕೂಡಲೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಇಲ್ಲಿ ಬಂಪರ್ ಕೊಳೆಯುವುದು ಹಿಂದಿನಿಂದ.

ಪ್ರಶ್ನೆ: ‘ಕಂಪನಿ ಓಲ್ಡ್ ಸ್ಟಾಕ್, ಪ್ಯಾಕ್ ಒಡೆದಿಲ್ಲ’ ಎಂದು ಆನ್‌ಲೈನಿನಲ್ಲಿ ಮಡ್‌ಗಾರ್ಡ್ ಮಾರುತ್ತಿದ್ದಾರೆ. ನಂಬಬಹುದೇ?

ಸ್ಟಿಕ್ಕರನ್ನು ಯಾರೂ ಅಚ್ಚು ಹಾಕಿಸಬಹುದು. ಚಕ್ರದ ಕಮಾನಿನ ಅಂಚಿನ ಹತ್ತಿರದ ಫೋಟೊ ಕೇಳಿ. ಪ್ರೆಸ್ಸಿನಲ್ಲಿ ಬಂದದ್ದಾದರೆ ಮಡಿಕೆ ಒಂದೇ ಸಮ, ಕೈಯಲ್ಲಿ ಬಡಿದದ್ದಾದರೆ ಅಲೆ ಅಲೆ, ಒಳಮೈಯಲ್ಲಿ ಉದ್ದಕ್ಕೆ ಬೆಸುಗೆಯ ಗೆರೆ. ಬೋಲ್ಟ್ ಅಂಚಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಸಿ ನಿಮ್ಮ ಹಳೆಯದಕ್ಕೆ ಹೋಲಿಸಿ. ಕೈಯಲ್ಲಿ ಬಡಿದದ್ದು ಕೆಟ್ಟದೆಂದಲ್ಲ, ಹೆಚ್ಚು ಹಣ ಕೊಡಬೇಡಿ ಎಂದಷ್ಟೇ.

ಪ್ರಶ್ನೆ: ಹೊಸ ತಗಡಿನ ಅಡಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದರೆ ತುಕ್ಕು ಬರುವುದಿಲ್ಲವೇ? ದೋಣಿಗೆ ಹಾಕುತ್ತಾರಲ್ಲ?

ದೋಣಿ ಮರದ್ದು. ನಿಮ್ಮ ಮೆಕ್ಯಾನಿಕ್‌ನ ಕೈ ಬೊಕ್ಕೆ ಏಳುತ್ತದೆ, ಮುಂದೆ ಅದರ ಮೇಲೆ ಯಾವ ಪ್ರೈಮರೂ ನಿಲ್ಲುವುದಿಲ್ಲ.

ಪ್ರಶ್ನೆ: ವಿಮೆಯಲ್ಲಿ ಪೂರ್ತಿ ಹಣ ಬರುತ್ತದೆ ಎನ್ನುತ್ತಾರೆ, ಹೌದೇ?

ಸಾಮಾನ್ಯ ಪಾಲಿಸಿ ಇರುವ, 10 ವರ್ಷ ದಾಟಿದ ಗಾಡಿಯಲ್ಲಿ ಬದಲಿಸಿದ ಲೋಹದ ಭಾಗದ ಬೆಲೆಯಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. ನಿಮ್ಮದು ಬರೀ ಥರ್ಡ್ ಪಾರ್ಟಿ ಆಗಿದ್ದರೆ ಸ್ವಂತ ಗಾಡಿಗೆ ಏನೂ ಇಲ್ಲ. ಪಾಲಿಸಿ ತೆಗೆದು ಓದಿ.

ಪ್ರಶ್ನೆ: ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಮಗಳ ಮದುವೆ. ಅಷ್ಟರೊಳಗೆ ನಮ್ಮ ಫಿಯೆಟ್ಟಿನ ಎರಡು ಬಾಗಿಲು ಬದಲಿಸಿ ಬಣ್ಣ ಮುಗಿಸಬೇಕು. ಏನು ಮಾಡಲಿ?

ಬಾಡಿಗೆ ಕಾರು ಗೊತ್ತುಮಾಡಿ.